ಸೊಟ್ಟಗೆ ಬರೆದ ಬಲೆ

ಮೊದಲ ದಿನವೇ ಜಗಳವಾಗಿತ್ತು. ಅದೂ ಗುಟ್ಟಿನ ಜಗಳವಲ್ಲ, ತುಂಬಿದ ಹಾಲ್‌ನಲ್ಲಿ ಮೈಕು ಹಿಡಿದು ಆಡಿದ ಜಗಳ.

ಅದು ಭೌತಶಾಸ್ತ್ರದ ಸಂಶೋಧನಾ ಸಂಸ್ಥೆ. ಹೊಸದಾಗಿ ಸೇರಿದವರು ಮೊದಲ ವಾರವೇ ಎಲ್ಲರೆದುರು ನಿಂತು ತಮ್ಮ ಕೆಲಸದ ಬಗ್ಗೆ ಮಾತಾಡಬೇಕು. ಅವನೂ ನಿಂತ. ಬೋರ್ಡಿನ ಮೇಲೆ ಗೆರೆ ಎಳೆಯಲು ಬ್ಯಾಗಿನಿಂದ ಮರದ ಸ್ಕೇಲು ತೆಗೆದಾಗ ನಾಲ್ಕಾರು ಜನ ಕಿಸಕ್ಕೆಂದರು. ಅವನು ಕೇಳಿಸದವನಂತೆ ನೆಟ್ಟಗೆ, ಸಮಸಮವಾಗಿ ಗೆರೆ ಎಳೆಯುತ್ತ ಹೋದ. ಮುಗಿದ ಮೇಲೆ "ಪ್ರಶ್ನೆಗಳಿದ್ದರೆ ಕೇಳಿ" ಎಂದು ನಕ್ಕ. ನಗು ಚೆನ್ನಾಗಿತ್ತು. ಹಿಂದಿನ ಸಾಲಿನಲ್ಲಿದ್ದ ಅವಳಿಗೂ ಹಾಗೇ ಅನಿಸಿತು. ಅನಿಸಿದ್ದಕ್ಕೇ ಸಿಟ್ಟು ಬಂತೋ ಏನೋ, ಕೈ ಎತ್ತಿಬಿಟ್ಟಳು.

"ಕೊನೇಲಿ ಏನೋ ಕಂಡುಹಿಡಿದೆ ಅಂದ್ರಲ್ಲ, ಅದನ್ನ ನೀವು ಮೂರನೇ ಸಾಲಲ್ಲೇ ಒಳಗೆ ಸೇರಿಸಿದ್ದೀರಿ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿ, ಕೊನೆಗೆ ಸಿಕ್ತು ಅಂತ ಹಿಗ್ಗಿದ ಹಾಗಾಯ್ತು."

ಹಾಲ್ ಗೊಳ್ಳೆಂದಿತು. ಅವನ ಕಿವಿ ಕೆಂಪಾಯಿತು. ಬೋರ್ಡಿನ ಮೂರನೇ ಸಾಲನ್ನು ಒಮ್ಮೆ ತಿರುಗಿ ನೋಡಿ, ಸ್ಕೇಲನ್ನು ಬ್ಯಾಗಿಗೆ ತುರುಕಿದ.

ಮರುದಿನ ಅವಳ ಕೋಣೆಯ ಬಾಗಿಲು ತಟ್ಟಿ ನಿಂತಿದ್ದ. ಕೈಯಲ್ಲಿ ಎರಡು ಲೋಟ ಟೀ.

"ನಿಮಗೆ ಬೈಯೋಣ ಅಂತ ಒಳ್ಳೊಳ್ಳೇ ಮಾತು ಜೋಡಿಸಿಟ್ಕೊಂಡಿದ್ದೆ. ಬೈಯೋಕೆ ಮೊದಲು ಒಂದ್ಸಲ ಲೆಕ್ಕ ನೋಡೋಣ ಅನ್ಕೊಂಡೆ. ನೋಡಿದ ಮೇಲೆ ಆ ಮಾತನ್ನೆಲ್ಲ ನನಗೇ ಅಂದ್ಕೊಳ್ಳಬೇಕಾಯ್ತು. ಟೀ ಕುಡೀತೀರಾ?"

"ಸಕ್ಕರೆ ಹಾಕಿದ್ದೀರಾ?"

"ಹಾಕಿದೆ."

"ನಾನು ಹಾಕ್ಕೊಳ್ಳಲ್ಲ."

"ಅದಕ್ಕೂ ತಕರಾರಾ?" ಎಂದ ಅವನು.

ಅಂದಿನಿಂದ ಅವಳ ಹೆಸರೇ ತಕರಾರು ಎಂದಾಯಿತು. ಅವನು ಸ್ಕೇಲು ಆದ. ಸಕ್ಕರೆ ಟೀಯನ್ನು ಆ ದಿನ ಅವಳು ಪೂರ್ತಿ ಕುಡಿದಳು ಎನ್ನುವುದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಆಮೇಲೆ ಮೂರು ವರ್ಷ ಇಬ್ಬರೂ ಒಂದೇ ಬೋರ್ಡಿನ ಮುಂದೆ ನಿಂತರು. ಅವನು ಗೆರೆ ಎಳೆದ, ಅವಳು ಅದರಲ್ಲಿ ಹುಳುಕು ಹುಡುಕಿದಳು. ಅವನದು ಮೂರು ವರ್ಷದ ಗುತ್ತಿಗೆ ಕೆಲಸ, ಅವಳದು ಕಾಯಂ. ಊಟಕ್ಕೆ ಒಟ್ಟಿಗೇ ಹೋಗುತ್ತಿದ್ದರು, ದಾರಿಯುದ್ದಕ್ಕೂ ವಾದ. ಒಮ್ಮೊಮ್ಮೆ ವಾದದ ಮಧ್ಯೆ ಅವನು ಸುಮ್ಮನಾಗಿ ಅವಳ ಮುಖ ನೋಡುತ್ತಿದ್ದ. ಅವಳು "ಏನು?" ಎಂದರೆ, "ಹಣೆ ಮೇಲೆ ಚಾಕ್‌ಪೀಸ್ ಪುಡಿ" ಎನ್ನುತ್ತಿದ್ದ. ಅವಳು ಒರೆಸಿಕೊಂಡರೆ ಕೈಗೆ ಏನೂ ಹತ್ತುತ್ತಿರಲಿಲ್ಲ.

ಅವಳ ಮನೆಯಲ್ಲಿ ಅಕ್ಕ ಇದ್ದಳು. ಅಕ್ಕನದು ಕನ್ನಡಕದ ಅಂಗಡಿ. ಅಂಗಡಿಯ ಮೇಲೇ ಇಬ್ಬರ ಮನೆ. ದಿನವಿಡೀ ಗಿರಾಕಿಗಳ ಕಣ್ಣು ನೋಡಿ ನೋಡಿ ಅಕ್ಕನಿಗೆ ಯಾರ ಕಣ್ಣಲ್ಲಿ ಏನಿದೆ ಎನ್ನುವುದು ಬೇಗ ತಿಳಿಯುತ್ತಿತ್ತು.

"ಅಲ್ವೇ, ಕೈ ಬಿಟ್ಟರೆ ವಸ್ತು ಕೆಳಗೆ ಬೀಳುತ್ತೆ. ಇದು ಎಳೆಮಗುಗೂ ಗೊತ್ತು. ಇದರಲ್ಲಿ ಮೂರು ವರ್ಷ ಹುಡುಕೋದೇನಿದೆ?" ಎಂದಳು ಒಂದು ಸಂಜೆ.

"ಬೀಳುತ್ತೆ ಅನ್ನೋದು ಗೊತ್ತಕ್ಕ. ಬೀಳೋ ಗುಣ ಜಗತ್ತಿನ ಮೂಲದಲ್ಲೇ ಇದೆಯಾ, ಇಲ್ಲ ಆಮೇಲೆ ಮೂಡಿದ್ದಾ, ಅದು ಪ್ರಶ್ನೆ."

"ಆಮೇಲೆ ಮೂಡೋದು ಅಂದ್ರೆ?"

"ಅಂಗಡಿ ಮುಂದೆ ಒಬ್ಬನೇ ನಿಂತಿದ್ದರೆ ಅದನ್ನ ಕ್ಯೂ ಅಂತೀಯಾ?"

"ಇಲ್ಲ."

"ಇಪ್ಪತ್ತು ಜನ ನಿಂತರೆ?"

"ನಮ್ಮ ಅಂಗಡಿ ಮುಂದೆ ಇಪ್ಪತ್ತು ಜನ ಯಾವ ಕಾಲದಲ್ಲಿ ನಿಂತಿದ್ರೇ?"

"ನಿಂತರು ಅಂತ ಇಟ್ಕೋ. ಆ ಕ್ಯೂ ಯಾವೊಬ್ಬನ ಒಳಗೂ ಇರಲಿಲ್ಲ. ಎಲ್ಲರೂ ಸೇರಿದಾಗ ಮೂಡಿತು. ಬೆಳಕು, ವಿದ್ಯುತ್ತು, ಅಯಸ್ಕಾಂತದ ಸೆಳೆತ, ಈ ಗುರುತ್ವ, ಎಲ್ಲಾ ಹಾಗೇ ಮೂಡಿದ್ದಿರಬಹುದು ಅಂತ ನಮ್ಮ ಅಂದಾಜು."

"ನಮ್ಮ ಅಂದ್ರೆ ಯಾರದು?"

"ನಮ್ಮಿಬ್ಬರದು."

"ಓ, ನಮ್ಮಿಬ್ಬರದು," ಎಂದು ಅಕ್ಕ ಮಾತನ್ನು ಬಾಯಲ್ಲಿಟ್ಟು ಚಪ್ಪರಿಸಿದಳು. ತಂಗಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವರಿಬ್ಬರ ಕೆಲಸ ಇಷ್ಟು. ಜಗತ್ತಿನ ತಳದಲ್ಲಿ ಒಂದು ಬಲೆ ಇದೆ ಎಂದು ಊಹಿಸಿಕೊಂಡಿದ್ದರು. ಬಲೆಯ ತುಂಬ ಬಿಂದುಗಳು, ಒಂದೊಂದು ಬಿಂದುವಿಗೂ ಹೌದು ಅಥವಾ ಇಲ್ಲ ಎನ್ನಲು ಮಾತ್ರ ಗೊತ್ತು. ಯಾವ ಬಿಂದು ಯಾವುದಕ್ಕೆ ಗಂಟು ಬಿದ್ದಿದೆ ಎನ್ನುವುದಷ್ಟೇ ಅಲ್ಲಿರುವ ಸಂಗತಿ. ಹತ್ತಿರ, ದೂರ, ಮೇಲೆ, ಕೆಳಗೆ ಎಂಬುದೆಲ್ಲ ಅಲ್ಲಿ ಇಲ್ಲ. ಜಾಗ ಎನ್ನುವುದೂ ಆಮೇಲೆ ಮೂಡಬೇಕಾದದ್ದು. ಆ ಬಲೆಯಲ್ಲಿ ಏಳುವ ಅಲೆಗಳು ವಿದ್ಯುತ್ತಿನ, ಅಯಸ್ಕಾಂತದ, ಬೆಳಕಿನ ನಿಯಮವನ್ನೇ ಪಾಲಿಸುತ್ತವೆ ಎಂದು ಮೊದಲ ವರ್ಷ ಲೆಕ್ಕ ಹಾಕಿ ತೋರಿಸಿದರು. ಗುರುತ್ವ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಇನ್ನೆರಡು ವರ್ಷ ಹಿಡಿಯಿತು. ಬಿಂದುಗಳನ್ನು ಗುಂಪುಗುಂಪು ಮಾಡಿ ಸರಾಸರಿ ತೆಗೆಯುತ್ತ ಹೋದಾಗ ಕೊನೆಗೆ ಅದೂ ಮೂಡಿತು. ಆ ದಿನ ಅವನು ಬೋರ್ಡಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಿದ್ದ. ಅವಳೂ ಪಕ್ಕದಲ್ಲಿ ಕೂತಳು. ಅವಳ ಬದುಕಿನ ಅತ್ಯಂತ ಸುಖದ ಅರ್ಧ ಗಂಟೆ ಅದು.

ಆ ಲೆಕ್ಕದ ಸುದ್ದಿ ಹರಡಿ, ಎರಡು ವಿಮಾನ ಬದಲಾಯಿಸಿ ಹೋಗಬೇಕಾದ ಒಂದು ಊರಿನ ದೊಡ್ಡ ಸಂಸ್ಥೆಯಿಂದ ಅವನಿಗೆ ಕರೆ ಬಂತು. ಬಂದು ಈ ಕೆಲಸದ ಬಗ್ಗೆ ಮಾತಾಡಿ, ಒಪ್ಪಿಗೆಯಾದರೆ ಕಾಯಂ ಹುದ್ದೆ. ಫೋನಿನಲ್ಲಿ ದಿನಾ "ಕಾಯಂ ಆಯ್ತೇನೋ?" ಎಂದು ಕೇಳುತ್ತಿದ್ದ ಅವನ ಅಮ್ಮ ಸುದ್ದಿ ಕೇಳಿ ಅತ್ತೇಬಿಟ್ಟರಂತೆ. ಇಲ್ಲಿನ ಸಂಸ್ಥೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರೂ ಸಂತೋಷಪಟ್ಟರು. "ಅಲ್ಲಿ ಆಗದಿದ್ದರೆ ಹೆದರಬೇಡ. ಇಲ್ಲೇ ಇನ್ನೊಂದು ವರ್ಷ ಮುಂದುವರಿಸೋಣ" ಎಂದರು.

ತಕರಾರು ಕೂಡ ನಕ್ಕು ಶುಭ ಹಾರೈಸಿದಳು. ಮನೆಗೆ ಬಂದು ಊಟ ಬೇಡವೆಂದು ಮಲಗಿದಳು.

ಅವನು ಹೊರಡಲು ಒಂದು ವಾರವಿತ್ತು. ಅವನ ಮಾತಿನಲ್ಲಿ ಎಲ್ಲೂ ತೊಡಕು ಬರಬಾರದೆಂದು ಅವಳು ಗುರುತ್ವದ ಲೆಕ್ಕವನ್ನು ಇನ್ನೊಮ್ಮೆ ಹಾಕಲು ಕೂತಳು. ಬೋರ್ಡಿನ ತುಂಬ ಅವನು ಸ್ಕೇಲಿಟ್ಟು ಬರೆದ ಬಲೆ. ಕೆಳಗೆ ಅವನದೇ ಅಕ್ಷರದಲ್ಲಿ "ಅಳಿಸಬೇಡಿ". ಕಿಟಕಿಯ ಪಕ್ಕ ಒಂದು ಗೇಣು ಜಾಗವಷ್ಟೇ ಖಾಲಿ. ಅಲ್ಲೇ ಅದೇ ಬಲೆಯನ್ನು ಹಿಂಡಿ ಹಿಂಡಿ ಸೊಟ್ಟಗೆ ಬರೆದಳು. ಗಂಟುಗಳೆಲ್ಲ ಅವೇ, ಆಕಾರ ಮಾತ್ರ ಅಂಕುಡೊಂಕು. ಗುಂಪು ಮಾಡಿದಳು, ಸರಾಸರಿ ತೆಗೆದಳು.

ಗುರುತ್ವ ಬರಲಿಲ್ಲ.

ಕೈತಪ್ಪು ಇರಬೇಕೆಂದು ಮತ್ತೆ ಮಾಡಿದಳು. ಬರಲಿಲ್ಲ. ಆಗ ಕಾರಣ ಕಣ್ಣಿಗೆ ಬಿತ್ತು. ಗುಂಪು ಮಾಡುವಾಗ ಇಬ್ಬರೂ ಪಕ್ಕಪಕ್ಕದ ಬಿಂದುಗಳನ್ನು ಸೇರಿಸಿದ್ದರು. ಪಕ್ಕಪಕ್ಕ ಎಂದರೆ ಎಲ್ಲಿ? ಬೋರ್ಡಿನ ಮೇಲೆ. ಅವನ ಚಿತ್ರ ಎಷ್ಟು ಅಂದವಾಗಿತ್ತೆಂದರೆ, ಚಿತ್ರದ ದೂರವನ್ನೇ ಬಲೆಯ ದೂರವೆಂದು ಇಬ್ಬರ ಕಣ್ಣೂ ನಂಬಿದ್ದವು. ಆಮೇಲೆ ಮೂಡಬೇಕಾದದ್ದನ್ನು ಮೊದಲೇ ಒಳಗೆ ಸೇರಿಸಿಬಿಟ್ಟಿದ್ದರು. ತುಂಬಿದ ಹಾಲ್‌ನಲ್ಲಿ ಅವನಿಗೆ ಬುದ್ಧಿ ಹೇಳಿದ್ದವಳು ಎರಡು ವರ್ಷ ಅದೇ ತಪ್ಪಿನ ಮೇಲೆ ಕೂತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ.

ಬೆಳಕಿನ ಭಾಗಕ್ಕೆ ಏನೂ ಆಗಿರಲಿಲ್ಲ. ಅದು ಗಂಟುಗಳನ್ನಷ್ಟೇ ನಂಬಿತ್ತು, ಚಿತ್ರವನ್ನಲ್ಲ. ಆದರೆ ಅವನನ್ನು ಕರೆದದ್ದು ಗುರುತ್ವಕ್ಕಾಗಿ.

ತಪ್ಪು ಸಿಕ್ಕಿದ ಮರುಕ್ಷಣ ಅವಳಿಗೆ ಹೊಳೆದ ಮಾತು ಯಾವುದು ಗೊತ್ತೇ? "ಹಾಗಾದರೆ ಅವನು ಹೋಗುವುದಿಲ್ಲ." ಒಳಗೆ ಏನೋ ಹಗುರಾಯಿತು. ಹಗುರಾದದ್ದೇ ಅವಳಿಗೆ ಭಯ ಹುಟ್ಟಿಸಿತು. ಬೇಕಾದ ಉತ್ತರ ಸಿಕ್ಕರೆ ಮೊದಲು ನಿಮ್ಮ ಮೇಲೇ ಅನುಮಾನ ಪಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವಳು ಅವಳೇ. ಇದು ಅವಳಿಗೆ ಬೇಕಾದ ಉತ್ತರ. ನಿಜವಾಗಿ ತಪ್ಪು ಇದೆಯೋ, ಅಥವಾ ಇರಲಿ ಎಂಬ ಆಸೆಗೆ ಕಂಡದ್ದೋ? ಹೇಳಿದರೆ, ತನ್ನನ್ನು ಕಟ್ಟಿಹಾಕಲು ಹೂಡಿದ ಆಟವೆಂದು ಅವನು ತಿಳಿಯಬಹುದು. ಹೇಳದಿದ್ದರೆ ಅಲ್ಲಿ ಹೋಗಿ ನೂರು ಜನರೆದುರು ನಿಲ್ಲುತ್ತಾನೆ, ಇನ್ಯಾರೋ ಕೈ ಎತ್ತುತ್ತಾರೆ. ಬಾಯಿಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಪಾಡಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವನ ಬೆನ್ನ ಹಿಂದೆ ದೊಡ್ಡ ಮೇಡಂ ಬಳಿ ಹೋಗುವುದಕ್ಕೆ ಮನಸ್ಸು ಒಪ್ಪಲಿಲ್ಲ. ಲೆಕ್ಕದ ಹಾಳೆ ಎತ್ತಿಕೊಂಡು ಅವನ ಕೋಣೆಗೇ ಹೋದಳು.

ಅವನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವಳ ಮುಖ ನೋಡಿ ಕೈ ನಿಲ್ಲಿಸಿದ.

"ಏನಾಯ್ತು ರೀ?"

"ಗುರುತ್ವದ ಭಾಗದಲ್ಲಿ ತಪ್ಪು ಸಿಕ್ಕಿದೆ. ದೊಡ್ಡ ತಪ್ಪು."

ಅವನು ಕೈ ಚಾಚಿದ. ಅವಳು ಹಾಳೆ ಕೊಡಲಿಲ್ಲ.

"ಕೊಡೋ ಮುಂಚೆ ಒಂದು ಮಾತು. ಇದನ್ನ ಹೇಳ್ತಿರೋಳಿಗೆ ಪಕ್ಷಪಾತ ಇದೆ. ಅದು ನಿಮಗೆ ಗೊತ್ತಿರಬೇಕು."

"ಯಾವ ಪಕ್ಷಪಾತ?"

ಅವಳು ಕಿಟಕಿಯ ಕಡೆ ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಎದುರು ಕಟ್ಟಡದ ಗೋಡೆ.

"ನೀವು ಹೋಗೋದು ನನಗೆ ಇಷ್ಟ ಇಲ್ಲ. ನಿಮ್ಮನ್ನ ಕಂಡ್ರೆ ನನಗೆ ಪ್ರೀತಿ. ಈ ತಪ್ಪು ನಿಜ ಆದ್ರೆ ನೀವು ಇಲ್ಲೇ ಉಳೀತೀರಿ, ಲಾಭ ನನಗೇ. ಅದಕ್ಕೇ ನನ್ನ ಮಾತು ನಂಬಬೇಡಿ. ನೀವೇ ಕೂತು ಲೆಕ್ಕ ಹಾಕಿ. ನಾನು ತಪ್ಪಿದ್ದರೆ ಧಾರಾಳವಾಗಿ ಹೋಗಿ, ಕಳಿಸೋಕೆ ನಾನೇ ಬರ್ತೀನಿ."

ಅವನು ಕೈಯಲ್ಲಿದ್ದ ಪುಸ್ತಕವನ್ನು ಪೆಟ್ಟಿಗೆಗೂ ಹಾಕಲಿಲ್ಲ, ಮೇಜಿನ ಮೇಲೂ ಇಡಲಿಲ್ಲ.

"ಹೊರಡೋಕೆ ಒಂದು ವಾರ ಇರುವಾಗ ಹೇಳ್ತಿದ್ದೀರಿ."

"ಇವತ್ತೇ ಸಿಕ್ಕಿದ್ದು."

"ಯಾವುದು? ತಪ್ಪಾ, ಇನ್ನೊಂದಾ?"

"ತಪ್ಪು ಇವತ್ತು. ಇನ್ನೊಂದು ಬಹಳ ಹಿಂದೆ."

ಅವನು ಹಾಳೆ ತೆಗೆದುಕೊಂಡ. ಮುಖದಲ್ಲಿ ಏನಿದೆಯೆಂದು ಅವಳಿಗೆ ತಿಳಿಯಲಿಲ್ಲ. "ನಾಳೆವರೆಗೆ ಸಮಯ ಕೊಡಿ" ಎಂದಷ್ಟೇ ಹೇಳಿದ. ದನಿ ತೀರ ತಣ್ಣಗಿತ್ತು. ಅವಳು ಬಾಗಿಲೆಳೆದುಕೊಂಡು ಹೊರಗೆ ಬಂದಳು.

ಸಂಜೆ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಕ್ಕ ಗಾಜು ಒರೆಸುತ್ತ ಎಲ್ಲ ಕೇಳಿಸಿಕೊಂಡಳು.

"ಲೋಕದಲ್ಲಿ ಹೂ ಕೊಟ್ಟು ಹೇಳ್ತಾರೆ, ಕಾಗದ ಬರೆದು ಹೇಳ್ತಾರೆ. ನೀನು ಅವನ ಕೆಲಸ ಕಳೆಯೋ ಸುದ್ದಿ ಜೊತೆ ಹೇಳಿ ಬಂದಿದ್ದೀಯ."

"ಬೇರೆ ದಾರಿ ಇರಲಿಲ್ಲಕ್ಕ. ಮುಚ್ಚಿಟ್ಟು ತಪ್ಪನ್ನಷ್ಟೇ ಹೇಳಿದ್ರೆ ಮೋಸ ಆಗ್ತಿತ್ತು."

"ಗೊತ್ತು ಕಣೇ. ನಿನ್ನ ಜಾಗದಲ್ಲಿ ನಾನಿದ್ದರೆ ತಪ್ಪನ್ನ ಮುಚ್ಚಿಡ್ತಿದ್ದೆ, ಇಲ್ಲ ಪ್ರೀತಿನ ಮುಚ್ಚಿಡ್ತಿದ್ದೆ. ಎರಡನ್ನೂ ಮೇಜಿನ ಮೇಲಿಟ್ಟು ಬರೋ ಧೈರ್ಯ ನನಗಿಲ್ಲ." ಅಕ್ಕ ಬಟ್ಟೆ ಕೆಳಗಿಟ್ಟು ತಂಗಿಯ ತಲೆ ನೇವರಿಸಿದಳು. "ಅವನಿಗೆ ಅರ್ಥ ಆಗದಿದ್ರೆ ಅವನು ನಿನಗೆ ತಕ್ಕವನಲ್ಲ. ಈಗ ಎದ್ದು ಊಟ ಮಾಡು."

ಅವಳು ತಟ್ಟೆ ಮುಂದಿಟ್ಟುಕೊಂಡು ಕೂತಳು. ಮೂರು ವರ್ಷ ದಿನಾ ನೋಡಿದ ಮುಖ ನಾಳೆ ತನ್ನನ್ನು ನೋಡಿ ತಿರುಗಿಕೊಂಡರೆ ಏನು ಮಾಡುವುದು ಎಂಬುದೊಂದೇ ಯೋಚನೆ. ಹುದ್ದೆ ಹೋದರೆ ಇನ್ನೊಂದು ಬರುತ್ತದೆ. ನಂಬಿಕೆ ಹೋದರೆ ಆ ಬೋರ್ಡಿನ ಮುಂದೆ ಮತ್ತೆ ಹೇಗೆ ನಿಲ್ಲುವುದು?

ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಅವನು ಅವಳ ಕೋಣೆಯ ಹೊರಗೆ ನಿಂತಿದ್ದ. ಕಣ್ಣು ಕೆಂಪಗಿದ್ದವು, ಗಡ್ಡ ಬೋಳಿಸಿರಲಿಲ್ಲ. ಕೈಯಲ್ಲಿ ಅದೇ ಹಾಳೆ, ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು.

"ಚೆಕ್ ಮಾಡಿದ್ರಾ?" ಎಂದಳು.

"ಇಲ್ಲ."

"ಯಾಕೆ?"

"ಕೂತೆ. ಪೆನ್ನು ತೆಗೆದೆ. ಮೊದಲ ಸಾಲು ಓದಿದೆ, ನೀವು ಹೇಳ್ತಿರೋದು ಸರಿ ಇರಲಿ ಅಂತ ಮನಸ್ಸು ಕೂಗ್ತಾ ಇತ್ತು. ನನ್ನ ಎರಡು ವರ್ಷದ ಕೆಲಸ ಬಿದ್ದುಹೋಗಲಿ ಅಂತ ನಾನೇ ಬೇಡ್ಕೊಳ್ತಾ ಇದ್ದೆ." ಅವನು ಹಾಳೆಯನ್ನು ಅವಳತ್ತ ಚಾಚಿದ. "ಇದನ್ನ ಚೆಕ್ ಮಾಡೋಕೆ ನಾನು ಲಾಯಕ್ಕಲ್ಲ ರೀ. ನಿಮಗಿರೋ ಪಕ್ಷಪಾತ ನನಗೂ ಇದೆ. ನಿಮ್ಮದಕ್ಕಿಂತ ಹಳೇದು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಎರಡನ್ನೂ ತಡೆಯಲಾಗದೆ ಬಾಗಿಲಿಗೆ ಒರಗಿದಳು.

"ನಿನ್ನೆ ಅಷ್ಟು ತಣ್ಣಗೆ ಯಾಕೆ ಮಾತಾಡಿದ್ರಿ ಹಾಗಾದ್ರೆ?"

"ಇನ್ನೊಂದು ಮಾತು ಆಡಿದ್ದರೆ ಅಲ್ಲೇ ಅತ್ತುಬಿಡ್ತಿದ್ದೆ. ಪುಸ್ತಕ ಬೇರೆ ಕೈಯಲ್ಲಿತ್ತು."

"ಪುಸ್ತಕಕ್ಕೂ ಅಳುಗೂ ಏನು ಸಂಬಂಧ?"

"ಲೈಬ್ರರಿದು," ಎಂದ ಅವನು.

ಲೆಕ್ಕ ನೋಡಲು ಇಬ್ಬರೂ ಅನರ್ಹರಾದ ಮೇಲೆ ಉಳಿದವರು ದೊಡ್ಡ ಮೇಡಂ ಒಬ್ಬರೇ. ಜೊತೆಯಾಗಿಯೇ ಹೋದರು. ಅವರು ಕನ್ನಡಕ ಏರಿಸಿಕೊಂಡು ಹಾಳೆ ಓದಿದರು, ಎದ್ದು ತಮ್ಮ ಬೋರ್ಡಿನ ಮೇಲೆ ಬಲೆಯನ್ನು ಮೂರನೇ ಬಗೆಯಲ್ಲಿ, ಉದ್ದಕ್ಕೆ ಎಳೆದು ಬರೆದರು. ಲೆಕ್ಕ ಹಾಕುತ್ತ ಹೋದರು. ಹಿಂದೆ ಕುರ್ಚಿಗಳಲ್ಲಿ ಇಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳಂತೆ ಕೂತಿದ್ದರು. ಬಹಳ ಹೊತ್ತಾದ ಮೇಲೆ ಚಾಕ್‌ಪೀಸ್ ಕೆಳಗಿಟ್ಟರು.

"ಚಿತ್ರ ಬದಲಾದ ಹಾಗೆ ಉತ್ತರ ಬದಲಾಗ್ತಿದೆ. ಗುರುತ್ವ ಹೋಯ್ತು. ಬೆಳಕು ಗಟ್ಟಿಯಾಗಿದೆ."

ಅವನು ಕಣ್ಣು ಮುಚ್ಚಿಕೊಂಡ. ಬೇಡಿಕೊಂಡದ್ದೇ ಸಿಕ್ಕಿತ್ತು, ಆದರೂ ಎರಡು ವರ್ಷ ಎರಡು ವರ್ಷವೇ. ಅವಳು ನೋಡಿದಳು. ಮೇಜಿನ ಕೆಳಗೆ ಅವನ ಕೈ ಹುಡುಕಿ ಹಿಡಿದಳು. ಅವನ ಬೆರಳುಗಳು ತಣ್ಣಗಿದ್ದವು.

"ಅದಿರಲಿ, ಇಷ್ಟಕ್ಕೆ ನನ್ನ ತನಕ ಯಾಕೆ ಬಂದ್ರಿ?" ಎಂದರು ಮೇಡಂ. "ಒಬ್ಬರ ಲೆಕ್ಕ ಇನ್ನೊಬ್ಬರು ನೋಡ್ಕೊಳ್ಳಬಹುದಿತ್ತಲ್ಲ. ಮೂರು ವರ್ಷದಿಂದ ಅದನ್ನೇ ಮಾಡ್ತಿದ್ದೀರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೇಜಿನ ಕೆಳಗಿನ ಕೈಗಳು ಥಟ್ಟನೆ ಬೇರೆಯಾದವು. ಮೇಡಂ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು.

"ಓಹೋ. ಸಂಸ್ಥೆಗೆಲ್ಲ ಗೊತ್ತಿದ್ದದ್ದು ನಿಮಗೆ ನಿನ್ನೆ ಗೊತ್ತಾಯ್ತಾ?"

ಹೊರಗೆ ಬಂದ ಮೇಲೆ ಅವನು ಕಿಟಕಿಯ ಬಳಿ ನಿಂತ. "ಅಲ್ಲಿಗೆ ಬರಲ್ಲ ಅಂತ ಬರೆದುಬಿಡ್ತೀನಿ."

"ಬೇಡ. ಹೋಗಿ. ಹೋಗಿ ಇದನ್ನೇ ಹೇಳಿ. ಬೆಳಕು ಬಂತು, ಗುರುತ್ವ ಬಂತು ಅನ್ಕೊಂಡಿದ್ವಿ, ಬಂದಿಲ್ಲ, ಯಾಕೆ ಬಂದಿಲ್ಲ ಅಂತ. ಕೇಳಿ ಅವರು ಕೆಲಸ ಕೊಟ್ಟರೆ ತಗೊಳ್ಳಿ."

"ನಿಮ್ಮ ಪಕ್ಷಪಾತ ಎಲ್ಲಿ ಹೋಯ್ತು?"

"ಇಲ್ಲೇ ಇದೆ, ಎಲ್ಲೂ ಹೋಗಲ್ಲ. ಆದರೆ ನನ್ನಿಂದಾಗಿ ನೀವು ಹೆದರಿ ಇಲ್ಲೇ ಕೂತ್ರಿ ಅಂತ ಆಗಬಾರದು. ನೀವು ಅಲ್ಲಿದ್ರೂ ನಾನು ಹೀಗೇ ಇರ್ತೀನಿ. ವಿಮಾನ ಎರಡು ಬದಲಾಯಿಸಿದ್ರೆ ಆಯ್ತು."

ಹೇಳುವುದು ಸುಲಭವಾಗಿರಲಿಲ್ಲ. ಆದರೂ ಆ ಮಾತು ಸುಳ್ಳಾಗಿರಲಿಲ್ಲ. ಅವನು ಅವಳ ಹಣೆಯ ಮೇಲೆ ಬೆರಳಿಟ್ಟು ಏನೋ ಒರೆಸಿದ. ಈ ಸಲ ನಿಜವಾಗಿಯೂ ಪುಡಿ ಇತ್ತು.

ಅವನು ಹೋದ. ಅವಳೇ ಹೋಗಿ ಕಳಿಸಿ ಬಂದಳು. ಬರುವಾಗ ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡಳು. ಆ ವಾರವೆಲ್ಲ ಅಕ್ಕ ಕೀಟಲೆ ಮಾಡಲಿಲ್ಲ. ಅಕ್ಕ ಕೀಟಲೆ ಮಾಡದಿದ್ದರೆ ಪರಿಸ್ಥಿತಿ ಗಂಭೀರ ಎಂದೇ ಅರ್ಥ.

ಮುಂದಿನ ವಾರ ಮಧ್ಯಾಹ್ನ ಬೋರ್ಡಿನ ಕೋಣೆಯ ಬಾಗಿಲು ತೆರೆಯಿತು. ಮನೆಗೂ ಹೋಗದೆ, ಸೂಟ್‌ಕೇಸ್ ಎಳೆದುಕೊಂಡೇ ಬಂದಿದ್ದ. ಅವಳು ಎದ್ದು ನಿಂತಳು. ಅವನ ಮುಖ ನೋಡಿದರೆ ಉತ್ತರ ಗೊತ್ತಾಗುತ್ತಿತ್ತು.

"ಕೊಡಲಿಲ್ವಾ?"

"ಇಲ್ಲ. ಚೆನ್ನಾಗಿ ಮಾತಾಡಿಸಿದ್ರು, ಊಟ ಹಾಕಿದ್ರು. ನಮಗೆ ಬೇಕಿದ್ದದ್ದು ಗುರುತ್ವ ಅಂದ್ರು."

"ಬೇಜಾರಾಗಿದೆಯಾ?"

"ಆಗಿದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಅಮ್ಮನಿಗೆ ಫೋನ್ ಮಾಡೋಕೆ ಇನ್ನೂ ಧೈರ್ಯ ಬಂದಿಲ್ಲ." ಅವನು ಸೂಟ್‌ಕೇಸಿನ ಮೇಲೇ ಕೂತ. "ಈ ತಪ್ಪು ಹಿಡಿದವರು ಯಾರು ಅಂತ ಒಬ್ಬರು ಕೇಳಿದ್ರು. ನನ್ನ ಜೊತೆ ಕೆಲಸ ಮಾಡೋರು ಅಂದೆ. ನಾನು ಊರು ಬಿಡಬಾರದು ಅಂತ ಅವರಿಗೆ ಆಸೆ ಇತ್ತು, ಆ ಆಸೆನ ಮೊದಲು ಹೇಳಿ, ಆಮೇಲೆ ಲೆಕ್ಕ ತೋರಿಸಿದ್ರು ಅಂದೆ."

"ಎಲ್ಲರೆದುರು ಹೇಳಿದ್ರಾ?"

"ಮೈಕಲ್ಲಿ ಹೇಳಿದೆ. ಆಮೇಲೆ ಕೇಳಿದವರೇ ಅಂದ್ರು, ಅಂಥವರು ಸಿಗೋದು ಕಷ್ಟ, ವಾಪಸ್ ಹೋಗಿ ಅಂತ."

ಅವಳು ಅವನೆದುರು ನೆಲದ ಮೇಲೆ ಕೂತು ಅವನ ಎರಡೂ ಕೈ ಹಿಡಿದುಕೊಂಡಳು. ಈ ಸಲ ಬೆಚ್ಚಗಿದ್ದವು. ಕಾರಿಡಾರಿನಲ್ಲಿ ಯಾರೋ ಹಾದುಹೋದರು. ಅವಳು ಕೈ ಬಿಡಲಿಲ್ಲ.

"ನನಗೆ ಇಲ್ಲಿ ಒಂದು ವರ್ಷ ಇದೆ," ಎಂದ ಅವನು. "ಗುರುತ್ವಾನ ಮತ್ತೆ ಮೊದಲಿಂದ ಶುರು ಮಾಡಬೇಕು. ಒಂದು ವರ್ಷದಲ್ಲಿ ಅದು ಆಗೋ ಮಾತಲ್ಲ."

"ಅಲ್ಲ," ಎಂದು ಅವಳೂ ಒಪ್ಪಿಕೊಂಡಳು.

"ಮದುವೆ ಆಗುತ್ತೆ."

ಅವಳು ತಲೆ ತಗ್ಗಿಸಿದಳು. ಅವನಿಗೆ ಕಂಡದ್ದು ಅವಳ ಬೈತಲೆ ಮಾತ್ರ. ಕಾದ. ಜೀವನದಲ್ಲಿ ಯಾವ ಲೆಕ್ಕಕ್ಕೂ ಅವನು ಅಷ್ಟು ಉಸಿರು ಬಿಗಿಹಿಡಿದು ಕಾದಿರಲಿಲ್ಲ.

"ಅಕ್ಕನಿಗೆ..." ಎಂದು ಅವಳು ಶುರು ಮಾಡಿದಳು.

"ಕೇಳಬೇಕಾ?"

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ನಗುತ್ತಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು.

"ಕೇಳೋದೇನಿದೆ, ಹೇಳಿದ್ರೆ ಸಾಕು. ಏಳು, ಮೊದಲು ನಿಮ್ಮಮ್ಮನಿಗೆ ಫೋನ್ ಮಾಡು. ಕಾಯಂ ಆಯ್ತು ಅಂತ ಹೇಳು."